ಪರೀಕ್ಷಾ ಕೊಠಡಿಯಲ್ಲಿ ಕೇಳಿಬಂದ ನಗುವಿನ ಕುರಿತು

ಮಾನ್ಯ ಪರೀಕ್ಷಾ ಕುಲಸಚಿವರೇ,

ತಮ್ಮ ಮೆಮೊ ತಿಂಗಳುಗಟ್ಟಲೆ ತಡವಾಗಿ ಕೈಸೇರಿತು. ನಾನು ಮೇಲ್ವಿಚಾರಣೆ ಮಾಡುತ್ತಿದ್ದ ಪರೀಕ್ಷಾ ಕೊಠಡಿಯಿಂದ ‘ವಿದ್ಯಾರ್ಥಿಗಳ ನಗುವಿನ ಸದ್ದು ಕೇಳಿಬಂದಿದ್ದು, ಈ ಬಗ್ಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು’ ಎಂದಿದ್ದೀರಿ. ಹೌದು, ನಕ್ಕರು. ನಾನೂ ನಕ್ಕೆ. ಸಮಜಾಯಿಷಿಯನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ, ಏಕೆಂದರೆ ಅಪರಾಧವೂ ಗುಟ್ಟಾಗಿ ನಡೆಯಲಿಲ್ಲ. ಕಿಟಕಿಗಳೆಲ್ಲ ತೆರೆದೇ ಇದ್ದವು.

ಇದೇ ಕೊಠಡಿಯಲ್ಲಿ ಮಕ್ಕಳು ಬಿಕ್ಕಿ ಬಿಕ್ಕಿ ಅತ್ತಿದ್ದಾರೆ, ಪ್ರಶ್ನೆಪತ್ರಿಕೆ ನೋಡಿ ಬಾತ್‌ರೂಮಿಗೆ ಓಡಿದ್ದಾರೆ, ತಲೆಸುತ್ತಿ ಬೆಂಚಿನಿಂದ ಜಾರಿದ್ದಾರೆ. ಆಗೆಲ್ಲ ತಮ್ಮ ಕಚೇರಿ ಯಾರ ಸಮಜಾಯಿಷಿಯನ್ನೂ ಕೇಳಲಿಲ್ಲ. ಅಳು ಶಿಸ್ತು, ನಗು ಅಶಿಸ್ತು ಎಂಬುದು ಯಾವ ಸುತ್ತೋಲೆಯಲ್ಲಿದೆಯೋ ದಯವಿಟ್ಟು ತಿಳಿಸಿದರೆ ಗೋಡೆಗೆ ಅಂಟಿಸುತ್ತೇನೆ.

ನಡೆದದ್ದಿಷ್ಟು. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಗೆಳತಿಯರು ಅವಳನ್ನು ಟಾರ್ಚು ಅಂತ ಕರೆಯುತ್ತಾರೆ; ನಾನು ಮಾಡಿದ ಪಾಠ ಯಾರಿಗಾದರೂ ಅರ್ಥವಾಗದಿದ್ದರೆ ಕ್ಯಾಂಟೀನಿನಲ್ಲಿ ಅವಳ ಪಕ್ಕ ಕೂತರೆ ಸಾಕು, ಅರ್ಥವಾಗುತ್ತದೆ. ಆದರೆ ಪರೀಕ್ಷೆ ಎಂದರೆ ಟಾರ್ಚು ಆರಿಹೋಗುತ್ತದೆ. ಒಂದು ದಿನ ಬಸ್ ಓಡಿಸುವ ಅವಳ ಅಪ್ಪ ಖಾಕಿ ಅಂಗಿಯಲ್ಲೇ ಸ್ಟಾಫ್ ರೂಮಿಗೆ ಬಂದರು. ಜೊತೆಗೆ ಅವಳೂ ಇದ್ದಳು, ಕೈಯಲ್ಲಿ ಕಾಲೇಜು ಬಿಡುವ ಅರ್ಜಿ.

“ಮನೇಲಿ ಕುಕ್ಕರ್ ಕೂಗಿದ್ರೂ ಯಾಕೆ ಕೂಗ್ತು ಅಂತ ನಮಗೆ ಪಾಠ ಮಾಡ್ತಾಳೆ ಮೇಡಂ,” ಅಂದರು. “ಪರೀಕ್ಷೇಲಿ ಮಾತ್ರ ತನ್ನ ಹೆಸರು ಬರೆಯೋಕೂ ಕೈ ನಡುಗುತ್ತೆ ಅಂತಾಳೆ. ನಾವು ಒಂದು ಮಾತೂ ಬೈಯಲ್ಲ. ಬೈತಿದ್ರೆ ಅದನ್ನಾದ್ರೂ ನಿಲ್ಲಿಸಬಹುದಿತ್ತು.”

ಅವಳು ನೆಲ ನೋಡುತ್ತಾ, “ನಂಗೆ ಓದೋದು ಇಷ್ಟ ಮೇಡಂ, ಪರೀಕ್ಷೆ ಬರೆಯೋಕೆ ಆಗ್ತಿಲ್ಲ ಅಷ್ಟೇ,” ಅಂದಳು. ಓದುವುದು ಇಷ್ಟವಿರುವವರನ್ನೇ ಓಡಿಸುವ ವ್ಯವಸ್ಥೆಗೆ ನಾವು ವಿಶ್ವವಿದ್ಯಾಲಯ ಎಂದು ಹೆಸರಿಟ್ಟಿದ್ದೇವಲ್ಲ, ಮಾನ್ಯರೇ! ಅರ್ಜಿಯನ್ನು ಡ್ರಾಯರಿಗೆ ಹಾಕಿ, “ಇಂಟರ್ನಲ್ ಟೆಸ್ಟ್ ಮುಗೀಲಿ, ಆಮೇಲೆ ನೋಡೋಣ” ಅಂದೆ.

ಆ ಟೆಸ್ಟನ್ನು ಎರಡು ಭಾಗ ಮಾಡಿದೆ. ಮೊದಲು ಒಬ್ಬೊಬ್ಬರೇ ಬರೆಯಬೇಕು. ಆಮೇಲೆ ಅದೇ ಪ್ರಶ್ನೆಗಳನ್ನು ಇಬ್ಬಿಬ್ಬರು ಕೂತು ಚರ್ಚಿಸಿ, ತಪ್ಪು ಕಂಡರೆ ಹಸಿರು ಶಾಯಿಯಲ್ಲಿ ತಿದ್ದಬೇಕು, ತಿದ್ದಿದ್ದಕ್ಕೂ ಅಂಕ. ಟಾರ್ಚಿಗೆ ಜೋಡಿಯಾಗಿ ಸಿಕ್ಕಿದವನು ತರಗತಿಗೇ ಮೊದಲಿಗ, ಅಡ್ಡಹೆಸರು ಜೆರಾಕ್ಸ್. ಬಿಸಿನೀರು ಹಾಕಿದರೆ ದಪ್ಪ ಗಾಜಿನ ಲೋಟ ಯಾಕೆ ಬಿರುಕು ಬಿಡುತ್ತದೆ ಎಂಬ ಪ್ರಶ್ನೆಗೆ ಅವನು ಪಠ್ಯಪುಸ್ತಕವನ್ನು ಪುಟಗಟ್ಟಲೆ ಇಳಿಸಿದ್ದ. ಅವಳು ಓದುತ್ತಾ ಹೋಗಿ ಒಂದು ಕಡೆ ನಿಂತಳು.

“ಲೋ, ‘ಮೇಲಿನ ಚಿತ್ರದಲ್ಲಿ ತೋರಿಸಿದಂತೆ’ ಅಂತ ಬರ್ದಿದ್ದೀಯಲ್ಲ, ಚಿತ್ರ ಎಲ್ಲಿ?”

ಪಾಪ, ಅವನು ನಿಜವಾಗಿಯೂ ತಲೆಯೆತ್ತಿ ಮೇಲೆ ನೋಡಿದ. ಮೇಲೆ ಫ್ಯಾನು ತಿರುಗುತ್ತಿತ್ತು. ಇಡೀ ಕೊಠಡಿ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಸರಿಯಾಗಿ ಆಗಲೇ ತಮ್ಮ ತಪಾಸಣಾ ಸ್ಕ್ವಾಡ್ ಒಳಗೆ ಕಾಲಿಟ್ಟಿತು.

ಸ್ಕ್ವಾಡಿನವರು ನಗುವನ್ನು ಬರೆದುಕೊಂಡು ಹೊರಟರು. ಇನ್ನೊಂದು ಗಳಿಗೆ ನಿಂತಿದ್ದರೆ ಚೆನ್ನಾಗಿತ್ತು. “ಒಳಗಿನ ಮೈ ಬಿಸಿಗೆ ಹಿಗ್ಗುತ್ತೆ, ಹೊರಗಿನ ಮೈಗೆ ಇನ್ನೂ ಸುದ್ದೀನೇ ಮುಟ್ಟಿರಲ್ಲ, ಅದಕ್ಕೇ ಬಿರುಕು ಬಿಡೋದು,” ಎಂದು ಅವಳು ಹೇಳಿದ್ದು ಕೇಳಿಸುತ್ತಿತ್ತು. “ಹಂಗಾದ್ರೆ ತೆಳು ಲೋಟ ಅಷ್ಟು ಸುಲಭಕ್ಕೆ ಬಿರುಕು ಬಿಡಲ್ಲ, ಅಲ್ವಾ?” ಎಂದು ಅವನು ಕೇಳಿದ್ದೂ. ರ‍್ಯಾಂಕಿನ ಮೇಲೆ ರ‍್ಯಾಂಕು ತಂದ ಆ ಹುಡುಗ ನನ್ನ ಎದುರು ಸ್ವಂತದ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಮರುದಿನ ಟಾರ್ಚು ಬಂದು ಅರ್ಜಿ ವಾಪಸ್ ಕೇಳಿದಳು. “ಯಾಕಮ್ಮಾ?” ಅಂದೆ. “ಹಿಂದುಗಡೆ ಖಾಲಿ ಇದೆಯಲ್ಲ ಮೇಡಂ, ಲೆಕ್ಕ ಮಾಡ್ಬೇಕಿತ್ತು,” ಅಂದಳು. ಸೆಮಿಸ್ಟರ್ ಪರೀಕ್ಷೆಯಲ್ಲಿ ಅವಳ ಕೈ ಮತ್ತೆ ನಡುಗಿತಂತೆ, ಆದರೂ ಬರೆದಳು, ಪಾಸಾದಳು. ಯಾವುದು ಸರಿಹೋಯಿತು, ಯಾವುದು ತಪ್ಪಿತು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಉತ್ತರಪತ್ರಿಕೆ ತಮ್ಮ ಗೋದಾಮಿನಲ್ಲಿ ಬೀಗದೊಳಗಿದೆ. ರಕ್ತಪರೀಕ್ಷೆ ಮಾಡಿಸಿಕೊಂಡವರಿಗೆ ರಿಪೋರ್ಟ್ ಕೊಡದೆ ‘ನಿಮಗೆ ನಲವತ್ತೆರಡು’ ಎಂದು ಕಳಿಸುವ ವೈದ್ಯರ ಬಳಿ ತಾವು ಹೋಗುತ್ತೀರಾ?

ಆದ್ದರಿಂದ ಕ್ಷಮೆ ಕೇಳುತ್ತಿಲ್ಲ, ಬೇಡಿಕೆ ಇಡುತ್ತಿದ್ದೇನೆ. ಇಬ್ಬಿಬ್ಬರು ಕೂತು ತಿದ್ದುವ ಈ ಬಗೆಯ ಟೆಸ್ಟಿಗೆ ಎಲ್ಲ ವಿಭಾಗಗಳಲ್ಲೂ ಅನುಮತಿ ಕೊಡಿ. ಸೆಮಿಸ್ಟರ್ ಪರೀಕ್ಷೆಯಲ್ಲಿ ಎಡವಿದವರಿಗೆ ವರ್ಷ ಕಾಯಿಸದೆ ಇನ್ನೊಂದು ಅವಕಾಶ ಕೊಡಿ. ಎಲ್ಲಕ್ಕಿಂತ ಮೊದಲು ಆ ಗೋದಾಮಿನ ಬೀಗ ತೆಗೆಸಿ, ಮಕ್ಕಳು ಬರೆದದ್ದನ್ನು ಮಕ್ಕಳಿಗೆ ಹಿಂತಿರುಗಿಸಿ. ಅವರು ಕಲಿಯಬೇಕಾದದ್ದೆಲ್ಲ ಅಲ್ಲಿ ಧೂಳು ತಿನ್ನುತ್ತಿದೆ.

ಇಂತಿ,
ಈ ಪತ್ರದ ನಂತರ ಮೌಲ್ಯಮಾಪನ ಕೆಲಸಕ್ಕೆ ಅತಿ ದೂರದ ಕೇಂದ್ರವೇ ಗತಿ ಎಂದು ಈಗಲೇ ಚೀಲ ಕಟ್ಟಿಟ್ಟುಕೊಂಡಿರುವ,
ಭೌತಶಾಸ್ತ್ರದ ಅಧ್ಯಾಪಕಿ