ಎಡೆಯ ಕೋಣೆಯಲ್ಲಿ ನನ್ನ ತಮ್ಮ

ದೇವಲಾಪುರ
೪-೧೦-೧೯೯೬

ಪ್ರೀತಿಯ ತಮ್ಮ ಚಿಕ್ಕಸ್ವಾಮಿಗೆ, ಅಕ್ಕನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ದ್ಯಾವಮ್ಮನ ಕೆಮ್ಮು ಇಳಿಯಿತೇ? ನಾನು ಹೇಗೋ ಇದ್ದೇನೆ. ಪಾಂಡವಪುರದಿಂದ ನಿನ್ನ ಕಾಗದ ಬಂದು ಎರಡು ವರ್ಷವಾಯಿತು. ಕಾರಣವನ್ನು ಬಲ್ಲೆ. ತೊಣ್ಣೂರಿನಲ್ಲಿ ನಿನ್ನ ಮಗಳ ನಿಶ್ಚಿತಾರ್ಥದ ದಿನ, ಬೀಗರ ಮುಂದೆ ನಾನು ಮತ್ತೆ ಅದೇ ಎಡೆಯ ಕಥೆಯನ್ನು ಹೇಳಿದೆ. ಎಲ್ಲರೂ ನಕ್ಕರು. ನೀನು ಊಟದ ಎಲೆ ಬಿಟ್ಟು ಎದ್ದು, "ನಂಗೂ ಐವತ್ತಾಯ್ತು ಕಣಕ್ಕ, ಇನ್ನಾದ್ರೂ ಬುಟ್ಬುಡು" ಎಂದು ಹೊರಟುಹೋದೆ.

ಮೂವತ್ತನಾಲ್ಕು ವರ್ಷ ಶಾಲೆಯ ಮಕ್ಕಳಿಗೆ ನಿನ್ನ ತುಂಟತನದ ಕಥೆಗಳನ್ನೇ ಹೇಳಿದೆ. ಅವುಗಳಲ್ಲಿ ಎಡೆಯ ಕಥೆಗೆ ನಗು ಹೆಚ್ಚು. ಅವ್ವ ತೀರಿಕೊಂಡ ವರ್ಷದ ಮಹಾಲಯ ಅಮಾವಾಸ್ಯೆ. ಅವಳ ಸೀರೆಯನ್ನಿಟ್ಟು, ಎಡೆ ಬಡಿಸಿ, ಅವಳು ಬಂದು ಉಣ್ಣಲೆಂದು ಅಪ್ಪ ಕೋಣೆಯ ಬಾಗಿಲು ಮುಚ್ಚಿದರು. ಆರು ವರ್ಷದ ನೀನು ಮೊದಲೇ ಒಳಗೆ ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ಅಡಗಿದ್ದೆ. ಬಾಗಿಲು ತೆರೆದಾಗ ಎಲೆಯ ಮೇಲೆ ಒಂದೇ ಒಂದು ಸಲ ಕಚ್ಚಿದ ಕಜ್ಜಾಯ! "ನಿಮ್ಮವ್ವ ಬಂದಿದ್ಲು ಕಣ್ರೋ, ಉಂಡವ್ಳೆ!" ಎಂದು ಅಪ್ಪ ಅತ್ತೇಬಿಟ್ಟರು. ನನಗಾಗ ಹನ್ನೆರಡು, ತಪ್ಪನ್ನು ಕಂಡರೆ ತಿದ್ದದೆ ಇರಲಾರದವಳು. ವಾಡೆಯ ಹಿಂದೆ ನಿನ್ನನ್ನು ಕಂಡು, ಕಿವಿ ಹಿಡಿದು ಎಳೆತಂದೆ. ಅಪ್ಪನ ಹಗ್ಗದೇಟು ಬಿದ್ದರೂ ನೀನು ತುಟಿ ಬಿಚ್ಚಲಿಲ್ಲ. ಆ ಏಟುಗಳನ್ನು ತರಗತಿಯಲ್ಲಿ ಅಭಿನಯಿಸಿ ತೋರಿಸುತ್ತಿದ್ದೆ.

ಮೊನ್ನೆ ಪಕ್ಕದ ಮನೆಯ ಮಂಚಯ್ಯನ ಮೊಮ್ಮಗಳು ಸಹನಳಿಗೂ ಇದನ್ನೇ ಹೇಳಿದೆ. ಅವಳು ನಗಲಿಲ್ಲ. "ಅಜ್ಜಿ, ಅವ್ನು ಕಜ್ಜಾಯ ತಿನ್ನಕ್ಕೆ ಓಗಿದ್ನಾ, ಅವ್ರವ್ವನ್ನ ನೋಡಕ್ಕೆ ಓಗಿದ್ನಾ?" ಎಂದಳು. ನಾನು ಎದ್ದು ಒಳಗೆ ಹೋದೆ. ಆಸೆಬುರುಕ ಹುಡುಗ ಒಂದೇ ಕಡಿತಕ್ಕೆ ನಿಲ್ಲಿಸುವುದಿಲ್ಲ. ನಲವತ್ತಾರು ವರ್ಷದಲ್ಲಿ ಇದು ನನಗೆ ಹೊಳೆಯಲೇ ಇಲ್ಲವಲ್ಲ! ನಾನು ನಿನ್ನನ್ನು ಎಳೆತಂದಾಗ ಅಪ್ಪನ ಮುಖ ಹೇಗೆ ಬಾಡಿತೆಂಬುದನ್ನು ಕಥೆಯಲ್ಲಿ ಒಮ್ಮೆಯೂ ಹೇಳಲಿಲ್ಲ.

ಅಮಾವಾಸ್ಯೆಗೆ ಇನ್ನು ಎಂಟು ದಿನ. ಎರಡು ವರ್ಷದಿಂದ ನಮ್ಮ ಅಪ್ಪ ಅವ್ವನಿಗೆ ದಾಯಾದಿ ನರಸಯ್ಯನೇ ಎಡೆಯಿಡುತ್ತಿದ್ದಾನೆ. ಮಗನಾದ ನೀನು ಬಾ. ಆ ಕಥೆಯನ್ನು ಇನ್ನಾರಿಗೂ ಹೇಳುವುದಿಲ್ಲ. ನನ್ನನ್ನು ಕ್ಷಮಿಸು.

ದ್ಯಾವಮ್ಮನಿಗೂ ಮಕ್ಕಳಿಗೂ ಒಳ್ಳೆಯದಾಗಲಿ.

ಇಂತಿ ನಿನ್ನ ಅಕ್ಕ,
ಪುಟ್ಟಲಕ್ಷ್ಮಮ್ಮ

ವಿ. ಸೂ.: ಅಂಚೆಯವನು ಬಾಗಿಲಲ್ಲಿದ್ದಾನೆ. ನೀನು ಬರದಿದ್ದರೂ ಒಂದು ಕಾರ್ಡಿನಲ್ಲಿ ಇಷ್ಟನ್ನು ಬರೆ. ಅಂದು ನಾನೂ ಬಾಗಿಲಿಗೆ ಕಿವಿ ಹಚ್ಚಿಕೊಂಡೇ ನಿಂತಿದ್ದೆ ಕಣೋ. ಅವ್ವ ಬಂದಿದ್ದಳೇ?