ಕರಗಿದ ಹಲ್ಲು

ನನ್ನ ಸರ್‌ಗೆ,

ನೀವು ತೀರಿಹೋಗಿ ಮೂರು ವರ್ಷವಾಯಿತು, ಆದರೂ ನಿಮಗೆ ಇದನ್ನು ಹೇಳಲು ಹೆದರಿಕೆ. ಯಲಹಂಕದ ನಮ್ಮ ಲ್ಯಾಬಿನಲ್ಲಿ, ನಿಮ್ಮ ಕುರ್ಚಿಯಲ್ಲೇ ಕೂತಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡಿ.

ಕೆಲಸಕ್ಕೆ ಸೇರಿದ ದಿನ ಕಾರವಾರದ ಮರಳನ್ನು ತಟ್ಟೆಗೆ ಸುರಿದು, "ಬಾಗಲಕೋಟೆಯವಳು, ಸಮುದ್ರ ನೋಡಿರಲ್ಲ. ಇದ್ರಲ್ಲಿ ನೋಡಮ್ಮ" ಅಂದಿರಿ. ಮೈಕ್ರೋಸ್ಕೋಪಿನ ಕೆಳಗೆ ಸಾಸಿವೆಗಿಂತ ಸಣ್ಣ ಚಿಪ್ಪುಗಳು, ಒಂದೇ ಜೀವಕೋಶದ ಫೊರಾಮಿನಿಫೆರಾ ಕಟ್ಟಿಕೊಂಡ ಮನೆಗಳು. "ಚಿಪ್ಪಿನ ಬಾಯಿ ನೋಡಿ ಅದು ಯಾವ ಕುಟುಂಬದ್ದು ಅಂತ ಹೇಳ್ಬೇಕು ಕಣಮ್ಮ." ಬ್ರಷ್ಷನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿ, ಒಂದೊಂದನ್ನೇ ಎತ್ತುವುದನ್ನೂ ನೀವೇ ಕಲಿಸಿದಿರಿ. ಎಷ್ಟು ಮರಳು ನುಂಗಿದ್ದೇನೋ!

ಆ ಒಂಟಿ ಚಿಪ್ಪು ನೆನಪಿದೆಯಾ? ತಟ್ಟೆಯಲ್ಲಿದ್ದಾಗ "ಮಾಮೂಲಿ ಮಿಲಿಯೋಲಿಡೇ ಕುಟುಂಬದ್ದು" ಎಂದು ನನ್ನ ಕಡೆ ತಳ್ಳಿದಿರಿ. ಕಪ್ಪು ರಟ್ಟಿನ ಸ್ಲೈಡಿಗೆ ಗೋಂದು ಹಚ್ಚಿ ಅಂಟಿಸುವಾಗ ವಾಯುನೆಲೆಯ ವಿಮಾನವೊಂದು ತಲೆಯ ಮೇಲೇ ಹೋಯಿತು. ಕಿಟಕಿ ಅದುರಿತು, ನನ್ನ ಕೈಯೂ ಅದುರಿತು. ಮರುದಿನ ನೀವು ಕೂಗಿದಿರಿ: "ಬಾಯಲ್ಲಿ ಹಲ್ಲಿದೆ! ಇಂಥ ಹಲ್ಲು ಯಾವ ಕುಟುಂಬದಲ್ಲೂ ಇಲ್ಲ!" ಆ ಹಲ್ಲನ್ನೇ ನಂಬಿ ಹೊಸ ಕುಟುಂಬವೊಂದಕ್ಕೆ ಹೆಸರಿಟ್ಟು ಪ್ರಕಟಿಸಿದಿರಿ. ಮೊದಲ ಸಲ ಕಣ್ತಪ್ಪಿತ್ತು ಅಂದುಕೊಂಡೆವು ಇಬ್ಬರೂ. ನಾನು ನಿಜವಾಗಿ ಹಾಗೆ ಅಂದುಕೊಂಡೆನಾ, ಇಲ್ಲಾ...

ಮೊನ್ನೆ ಶುಕ್ರವಾರ ಸೌಮ್ಯಾ ಬಂದಳು, ನಿಮ್ಮ ಆ ಕುಟುಂಬದ ಮೇಲೆಯೇ ಪಿಎಚ್‌.ಡಿ. ಮಾಡುತ್ತಿರುವ ಹುಡುಗಿ. "ಅಕ್ಕಾ, ಆ ಚಿಪ್ಪಿನ ಬಾಯಿ ಒಳಗಡೆ ಫೋಟೋ ಬೇಕಿತ್ತು, ಸ್ಲೈಡಿಂದ ಬಿಡಿಸ್ಕೊಡ್ತೀರಾ?" ಅಂದು ಟೀ ಕುಡಿಯಲು ಹೋದಳು. ಒಂದು ಹನಿ ನೀರು ಬಿಟ್ಟೆ. ಚಿಪ್ಪು ಸಡಿಲವಾಯಿತು. ಹಲ್ಲು ಕರಗಿಹೋಯಿತು.

ಚಿಪ್ಪು ನೀರಿಗೆ ಕರಗುವುದಿಲ್ಲ ಸರ್. ಅವತ್ತು ಕೈ ಅದುರಿದಾಗ ಬಾಯಿಗೆ ತಾಗಿದ ಗೋಂದು ಕರಗುತ್ತದೆ.

ಸ್ಲೈಡನ್ನು ಮುಚ್ಚಿಟ್ಟೆ. ಅವಳಿಗೆ "ಸೋಮವಾರ ಕೊಡ್ತೀನಿ" ಅಂದೆ. ಹೇಳಿದರೆ ನಿಮ್ಮ ಹೆಸರಿನ ಗತಿಯೇನು? ನಾನೇ ಹಲ್ಲು ಮುರಿದು ಕಥೆ ಕಟ್ಟಿದೆ ಎಂದು ಜನ ಅಂದರೆ? ಹೇಳದಿದ್ದರೆ ಆ ಹುಡುಗಿಯ ವರ್ಷಗಳೆಲ್ಲ ನೀರುಪಾಲು. ಬ್ರಷ್ಷಿನ ತುದಿಯಲ್ಲಿ ಒಂಚೂರು ಗೋಂದು ತೆಗೆದುಕೊಂಡು ಮತ್ತೆ... ಆ ಯೋಚನೆಯೂ ಬಂತು. ನನ್ನನ್ನು ಕಂಡು ನನಗೇ ಭಯವಾಯಿತು.

ಇವತ್ತು ಸೋಮವಾರ. ಸೌಮ್ಯಾ ಮೆಟ್ಟಿಲು ಹತ್ತುತ್ತಿರುವ ಸದ್ದು ಕೇಳುತ್ತಿದೆ. ಗೋಂದಿನ ಸೀಸೆಯನ್ನು ಬೆಳಿಗ್ಗೆಯೇ ಸಿಂಕಿಗೆ ಸುರಿದೆ. ಎಲ್ಲವನ್ನೂ ಹೇಳುತ್ತೇನೆ, ಗೋಂದು ಹಚ್ಚಿದ ಕೈ ನನ್ನದು ಎಂಬುದರಿಂದಲೇ ಶುರು ಮಾಡುತ್ತೇನೆ. ಚಿಪ್ಪನ್ನು ಮಿಲಿಯೋಲಿಡೇ ಸಾಲಿಗೆ ಸೇರಿಸಿದ್ದೇನೆ. ನೀವು ಮೊದಲ ಸಲ ಹೇಳಿದ್ದೇ ಸರಿಯಾಗಿತ್ತು ಸರ್.

ನಿಮ್ಮ,
ಶಾಂತಾ