ಬೀಗರ ಗದ್ದೆಯ ಗುಳ್ಳೆ

ಅಕಿತಾ, ಜೂನ್ ೨೮

ಅಪ್ಪಾ,

ಭತ್ತದ ಹೊಟ್ಟು ಸುಟ್ಟು ಆ ಕರಿಯನ್ನು ಗದ್ದೆಯ ಮಣ್ಣಿಗೆ ಬೆರೆಸುವ ನಮ್ಮ ಅತ್ತೆಯನ್ನು ನೀವು ಮದುವೆಯಲ್ಲೇ "ಗದ್ದೆಗೆ ಮಸಿ ಬಳಿಯೋರು" ಎಂದು ನಕ್ಕಿದ್ದಿರಿ. ಅವರು ಮರೆತಿಲ್ಲ. ನಿನ್ನೆ ಗದ್ದೆಯಿಂದ ಗುಳ್ಳೆಯಾಗಿ ಏಳುವ, ಭೂಮಿಯ ಬಿಸಿ ಏರಿಸುವ ಮೀಥೇನ್ ಗಾಳಿ ಅಳೆಯಲು ಒಬ್ಬಾಕೆ ಡಬ್ಬಿ ಹಿಡಿದು ಬಂದಿದ್ದರು. ಅತ್ತೆ ಕರಿ ಬೆರೆಸಿದ ಮಡಿಯಲ್ಲಿ ಆಕೆ ಕಾಲಿಟ್ಟರೆ ಎದ್ದದ್ದು ಎರಡೇ ಗುಳ್ಳೆ. ಭತ್ತದ ಹುಲ್ಲನ್ನು ಹಾಗೆಯೇ ಮಣ್ಣಿಗೆ ಉತ್ತು ಸೇರಿಸಿದ ಮಡಿಯಲ್ಲಿ ಕಾಲಿಟ್ಟರೆ ಬುಳುಬುಳು ಸದ್ದು, ಜೊತೆಗೆ ನಾತ. ಅತ್ತೆ ಆಕೆಗೆ ತಲೆಬಾಗಿ, "ಬೇಜಾರು ಮಾಡ್ಕೋಬೇಡಿ, ಇದು ನಮ್ಮ ಬೀಗರ ಪದ್ಧತಿ. ಹೋಲಿಸಿ ನೋಡೋಕೆ ಇಟ್ಕೊಂಡಿದ್ದೀವಿ" ಎಂದರು.

ಹೊಟ್ಟಿನ ಹೊಗೆಗೆ ಹಿಡಿದಿದ್ದ ನನ್ನ ಕೆಮ್ಮು ಬಿಟ್ಟಿದೆ. ಮುಂದಿನ ವಾರ ನಾನು ಊರಿಗೆ ಬರುವಾಗ ಅತ್ತೆಯೂ ನನ್ನೊಡನೆ ಬರುತ್ತಾರೆ. ಮನೆಗಿಂತ ಮೊದಲು ನಿಮ್ಮ ಗದ್ದೆಗೆ ಕಾಲಿಡುತ್ತಾರಂತೆ. ನಾನು ಹೇಳಿದೆ ಎನ್ನಬೇಡಿ, ಅಷ್ಟರೊಳಗೆ ಗದ್ದೆಯ ನೀರು ಬಸಿದುಬಿಡಿ; ಮಣ್ಣು ಒಣಗಿದರೆ ಗುಳ್ಳೆ ಏಳುವುದಿಲ್ಲ.

ಫುಮಿಯೆ